ಬಲಗಡೆಯ ದವಡೆ

"ಇನ್ನೊಂದ್ಸಲ ಇಡು," ಎಂದರು ಡಾಕ್ಟರು.

ಮಗಳು ಹುಳುಕು ಪತ್ತೆಹಚ್ಚುವ ಪೆನ್ನಿನಂಥ ಸೆನ್ಸರನ್ನು ತಾಯಿಯ ದವಡೆ ಹಲ್ಲಿನ ಮೇಲಿಟ್ಟಳು. ತುದಿಯ ಕೆಂಪು ಬೆಳಕು ಹಲ್ಲಿನೊಳಗೆ ಇಳಿಯಿತು. ಯಂತ್ರ ಮತ್ತೆ ಕೀಂಯ್‌ಗುಟ್ಟಿತು. ಪರದೆಯ ಮೇಲೆ ಅಂಕಿ ಸರಸರನೆ ಏರಿತು.

"ಟೀ ಕಲೆ ಇರಬೇಕು. ಇದಕ್ಕೆ ಕಲೆ ಕಂಡ್ರೂ ಹುಳುಕೇ."

"ಉಜ್ಜಿ, ಒಣಗಿಸಿಯೇ ಇಟ್ಟಿದ್ದೀನಪ್ಪ."

ಬೆಳಗಿನಿಂದ ಕಂಡವರ ಬಾಯೊಳಗೆ ಬಗ್ಗಿ ಬಗ್ಗಿ ಡಾಕ್ಟರ ಸೊಂಟ ಬಿದ್ದುಹೋಗಿತ್ತು. ಇನ್ನೇನು ಬಾಗಿಲು ಹಾಕಬೇಕು ಅನ್ನುವಾಗ ಹೆಂಡತಿ ಬಂದಿದ್ದರು. ಮನೆಯಲ್ಲೂ ಅವರನ್ನು ಟೀಚರು ಅಂತಲೇ ಕರೆಯುವುದು. ಶಾಲೆಯಿಂದ ನೇರ ಬಂದದ್ದು. ಬೆರಳಲ್ಲಿ ಇನ್ನೂ ಸೀಮೆಸುಣ್ಣದ ಪುಡಿ. ಗಂಡನನ್ನು ದಾಟಿಕೊಂಡು ಹೋಗಿ, "ನೀನೇ ನೋಡಮ್ಮ," ಎಂದು, ಅಲ್ಲೇ ಹಲ್ಲಿನ ಡಾಕ್ಟರಾಗಿದ್ದ ಮಗಳ ಕುರ್ಚಿಯಲ್ಲಿ ಒರಗಿದ್ದರು.

ಹಲ್ಲು ಜುಂ ಅನ್ನುತ್ತೆ ಎಂದು ಟೀಚರು ಹೇಳತೊಡಗಿ ಬಹಳ ಕಾಲವಾಗಿತ್ತು. ಮೊದಲ ಸಲ ಡಾಕ್ಟರು ಊಟದ ಮೇಜಿನಲ್ಲೇ ಬಾಯಿ ತೆರೆಸಿ, ಮೊಬೈಲಿನ ಬೆಳಕು ಬಿಟ್ಟು, "ಮುತ್ತಿನ ಹಾಗಿದೆ, ಹೋಗು," ಎಂದಿದ್ದರು. ಆಮೇಲೆ ನೋಡುವುದನ್ನೂ ಬಿಟ್ಟರು. ತಣ್ಣೀರು ಕುಡೀಬೇಡ. ವಯಸ್ಸಾಯ್ತಲ್ಲ. ನಿನಗೆ ಎಲ್ಲದಕ್ಕೂ ಯೋಚನೆ ಜಾಸ್ತಿ. ಟೀಚರು ಎಡಗಡೆಯಲ್ಲೇ ಅಗಿಯುವುದನ್ನು ರೂಢಿ ಮಾಡಿಕೊಂಡರು.

ಡಾಕ್ಟರು ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ನುಣುಪಾದ, ಬೆಳ್ಳಗಿನ ಹಲ್ಲು. ಮಗಳು ಎಕ್ಸ್‌ರೇ ತೆಗೆದಳು. ಆ ನುಣುಪಿನ ಅಡಿಯಲ್ಲಿ ಕರಿ ನೆರಳೊಂದು ನರದ ಹತ್ತಿರದವರೆಗೂ ಹಬ್ಬಿತ್ತು.

"ನರ ಉಳಿಸಬಹುದು ಅನ್ಸುತ್ತೆ," ಎಂದಳು ಮಗಳು.

"ಎಂಥ ಕಳ್ಳ ಹುಳುಕು ನೋಡು! ಯಾರ ಕಣ್ಣಿಗೂ ಬೀಳೋದಲ್ಲ ಇದು."

ಟೀಚರು ಬಾಯಿ ಮುಕ್ಕಳಿಸಿ ಉಗಿದರು. "ಕಣ್ಣಿಗೆ ಬೀಳ್ಲಿಲ್ಲ, ಸರಿ. ಕಿವಿಗೆ?"

ಡಾಕ್ಟರು ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದರು.

"ನಾನು ಬಾಯಿಬಿಟ್ಟು ಹೇಳ್ತಾನೇ ಇದ್ದೆ. ಅದು ಕೀಂಯ್ ಅಂದ ತಕ್ಷಣ ಎದ್ದು ಬಂದ್ರಿ."

ಸಿಟ್ಟಿನ ದನಿಯಲ್ಲ. ದಿನವೆಲ್ಲ ಒಂದೇ ಪಾಠ ಹೇಳಿ ಗಂಟಲು ಒಣಗಿದ ದನಿ. ಮಗಳು ಬೆನ್ನು ತಿರುಗಿಸಿಕೊಂಡು ಸಿರಿಂಜಿಗೆ ಮರಗಟ್ಟಿಸುವ ಔಷಧಿ ತುಂಬತೊಡಗಿದಳು.

"ಇಂಜೆಕ್ಷನ್ ನಾನೇ ಕೊಡ್ತೀನಿ ಬಿಡು," ಎಂದು ಡಾಕ್ಟರು ಕೈಗವಸಿಗೆ ಕೈಹಾಕಿದರು.

"ಬೇಡಿ, ಅವಳೇ ಕೊಡ್ಲಿ. ನೀವು ಕೂತ್ಕೊಳ್ಳಿ, ನಿಮಗೂ ಸುಸ್ತಾಗಿದೆ."

ರೋಗಿಯ ಕಡೆಯವರು ಕೂರುವ ಸ್ಟೂಲಿನ ಮೇಲೆ ಡಾಕ್ಟರು ಕೂತರು. ಅಲ್ಲಿಂದ ಹೆಂಡತಿಯ ಮುಖ ಕಾಣುತ್ತಿರಲಿಲ್ಲ. ಚಪ್ಪಲಿ ಬಿಟ್ಟ ಪಾದಗಳು, ಸೂಜಿ ಇಳಿಯುವಾಗ ಮಡಚಿಕೊಂಡ ಬೆರಳುಗಳು ಮಾತ್ರ ಕಂಡವು.

ಮಗಳು ಕೆಲಸ ಮುಗಿಸಿ ಕುರ್ಚಿ ಎತ್ತರಿಸಿದಳು. ಡಾಕ್ಟರು ಎದ್ದು ಹತ್ತಿರ ಬಂದು, ಬೆಳಗಿನಿಂದ ಬಂದವರನ್ನೆಲ್ಲ ಕೇಳಿದ್ದನ್ನೇ ಕೇಳಿದರು:

"ಯಾವಾಗಿನಿಂದ ನೋವು?"

ಟೀಚರಿಗೆ ತುಟಿ ಸ್ವಾಧೀನದಲ್ಲಿರಲಿಲ್ಲ. ಏನೋ ಹೇಳಹೋಗಿ, ಆಗದೆ, ಪಕ್ಕದ ಲೋಟ ಎತ್ತಿಕೊಂಡರು. ಕುಡಿದ ನೀರು ಮರಗಟ್ಟಿದ ಬಲಗಡೆಯಿಂದ ಜಾರಿ ಕುತ್ತಿಗೆಗೆ ಇಳಿದದ್ದು ಅವರಿಗೆ ತಿಳಿಯಲಿಲ್ಲ. ಡಾಕ್ಟರು ಹತ್ತಿಯ ಉಂಡೆ ಮುಂದೆ ಹಿಡಿದರು. ಟೀಚರು ಅದನ್ನು ತೆಗೆದುಕೊಂಡು, ಒದ್ದೆಯಾಗದ ಎಡ ಕೆನ್ನೆಯನ್ನು ನಿಧಾನವಾಗಿ ಒರೆಸಿಕೊಂಡರು.