ಸೂಜಿ ಅವಳದು, ತಟ್ಟೆ ನನ್ನದು

ದೊರೆಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ ನಾನೂ ನನ್ನ ನಾದಿನಿಯೂ ಕೆಲಸ ಹಂಚಿಕೊಂಡೆವು. ದೊರೆ ನಮ್ಮ ಬೆಕ್ಕು, ಹನ್ನೊಂದು ವರ್ಷದವನು. ನಾದಿನಿ ಹೊಲಿಗೆ ಅಂಗಡಿಯವಳು, ಕೈ ನಡುಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಇನ್ಸುಲಿನ್ ಸೂಜಿ ಅವಳದು, ಊಟದ ತಟ್ಟೆ ನನ್ನದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಮೂಗು ತೂರಿಸಬಾರದು. ಒಂದೇ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಜಗಳವಿಲ್ಲದೆ ಕಳೆದದ್ದು ಇಂಥ ಒಪ್ಪಂದದಿಂದಲೇ.

ಎರಡು ವಾರವಾದರೂ ಅವನ ಸಕ್ಕರೆ ಮುನ್ನೂರರಿಂದ ಕೆಳಗಿಳಿಯಲಿಲ್ಲ. ನೀರು ಕುಡಿದೇ ಕುಡಿಯುತ್ತಿದ್ದ. ಸವರಿದಾಗ ಬೆನ್ನೆಲುಬು ಕೈಗೆ ಸಿಗುತ್ತಿತ್ತು.

ಊಟದಲ್ಲೇ ಏನಾದರೂ ತೊಂದರೆಯೋ ಎಂದು ಸೋಮವಾರ ಸಾಕುಪ್ರಾಣಿಗಳ ಅಂಗಡಿಗೆ ಹೋದೆ. ನಾವು ಹಾಕುತ್ತಿದ್ದ, ಕಾಳಿನಂಥ ಒಣ ಬೆಕ್ಕಿನ ತಿಂಡಿಯ ಪೊಟ್ಟಣದ ಮೇಲೆ ಕಾರ್ಬೋಹೈಡ್ರೇಟ್ ಎಷ್ಟೆಂದು ಬರೆದೇ ಇರಲಿಲ್ಲ. ಅಂಗಡಿಯವನು ನನಗೊಂದು ಸ್ಟೂಲು ಎಳೆದುಕೊಟ್ಟು, ಸಣ್ಣ ಅಕ್ಷರಗಳನ್ನು ತಾನೇ ಓದಿ ಹೇಳಿದ.

"ಅದನ್ನ ಅವರು ಬರೆಯಲ್ಲ ಅಮ್ಮ, ನಾವೇ ಕಳೀಬೇಕು. ಪ್ರೋಟೀನು, ಕೊಬ್ಬು, ನಾರು, ಬೂದಿ ಅಂತ ಬರೆದಿರೋ ಖನಿಜ, ನೀರು, ಎಲ್ಲ ಕೂಡಿ ನೂರರಿಂದ ಕಳೀರಿ. ಇದರಲ್ಲಿ ಉಳಿಯೋದು ಮೂವತ್ತೆಂಟು. ಈ ಮಾಂಸದ ಡಬ್ಬೀಲಿ ಎರಡೇ. ನೀರು ಬಿಟ್ಟು ಲೆಕ್ಕ ಹಾಕಿದ್ರೂ ಒಂಬತ್ತು ದಾಟಲ್ಲ."

ಮೂವತ್ತೆಂಟು! ಇಷ್ಟು ದಿನ ಕೈಯಾರೆ ವಿಷ ಹಾಕಿದೆನೇ? ಊಟ ಬದಲಾಯಿಸುವ ಮೊದಲು ಒಂದು ಮಾತು ತಿಳಿಸಿ ಎಂದು ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದು ಮರೆತಿರಲಿಲ್ಲ. ಒಳ್ಳೆಯ ಊಟಕ್ಕೂ ಅಪ್ಪಣೆ ಬೇಕೇ ಅಂದುಕೊಂಡೆ. ಅಂದೇ ಡಬ್ಬಿ ತೆರೆದೆ. ನಾದಿನಿಗೂ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ದೊರೆ ಅಡುಗೆಮನೆಗೆ ಬಂದ. ಹಿಂಗಾಲು ಜಾರಿತು. ಎದ್ದ, ಕುಡಿದವನಂತೆ ತೂರಾಡಿ ಕುರ್ಚಿಗೆ ಡಿಕ್ಕಿ ಹೊಡೆದು ಬಿದ್ದ. "ದೊರೇ" ಎಂದೆ. ಕಣ್ಣು ಅಗಲವಾಗಿ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಮೈಯೆಲ್ಲ ನಡುಕ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಊಟ ಬದಲಾಯಿಸಿದ್ರಾ?"

"ಹೂಂ."

"ಹಾಗಾದ್ರೆ ಸಕ್ಕರೆ ಪಾತಾಳಕ್ಕೆ ಇಳಿದಿರತ್ತೆ. ಒಸಡಿಗೆ ಜೇನುತುಪ್ಪ ಸವರಿ, ಗಂಟಲಿಗೆ ಸುರೀಬೇಡಿ. ಈಗಲೇ ಕರ್ಕೊಂಡು ಬನ್ನಿ."

ಜೇನಿನ ಬಾಟಲಿಯ ಮುಚ್ಚಳ ಕಚ್ಚಿಕೊಂಡಿತ್ತು. ತಿರುಗಿಸಿದೆ, ಸೆರಗಿನಲ್ಲಿ ಹಿಡಿದು ತಿರುಗಿಸಿದೆ, ಕೊನೆಗೆ ಕಟ್ಟೆಗೆ ಬಡಿದು ತೆಗೆದೆ. ಅವನ ಒಸಡು ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಜನ ಕಾದಿದ್ದರು. ಕಾಲಿಗೆ ಪಟ್ಟಿ ಕಟ್ಟಿದ ನಾಯಿಯನ್ನು ಹಿಡಿದಿದ್ದವರು ನನ್ನ ಮುಖ ನೋಡಿ, ಏನೂ ಕೇಳದೆ, ನಾಯಿಯನ್ನು ಎತ್ತಿಕೊಂಡು ದಾರಿ ಬಿಟ್ಟರು. ಸಕ್ಕರೆ ನಲವತ್ತೊಂದು ಇತ್ತು. ಡಾಕ್ಟರಮ್ಮ ಅವನನ್ನು ಒಳಗೆ ಒಯ್ದು ಬಾಗಿಲು ಹಾಕಿದರು.

ನಾನು ಫೋನ್ ಮಾಡಿದ್ದಕ್ಕೆ ನಾದಿನಿ ಅಳತೆಯ ಟೇಪು ಕೊರಳಲ್ಲೇ ಇಟ್ಟುಕೊಂಡು ಓಡಿಬಂದಳು.

"ನಾನೇ ಕೊಂದೆ ಕಣೇ," ಎಂದೆ. "ನಿಂಗೆ ಹೇಳ್ದೆ ಸೋಮವಾರದಿಂದ ಊಟ ಬದಲಾಯಿಸ್ದೆ."

ಅವಳು ಗೋಡೆ ಹಿಡಿದು ಕೂತಳು. "ಅತ್ತಿಗೆ, ಭಾನುವಾರ ನಾನು ಎರಡು ಯೂನಿಟ್ಟನ್ನ ಮೂರು ಮಾಡ್ದೆ. ಇಳೀದಿದ್ರೆ ಏರಿಸಿ ಅಂತ ಡಾಕ್ಟರೇ ಹೇಳಿದ್ರಲ್ಲ."

"ನಂಗೊಂದು ಮಾತು ಹೇಳಬಾರದಿತ್ತೇನೇ?"

"ಸೂಜಿ ನಂದಲ್ವಾ ಅತ್ತಿಗೆ?"

ಮುಚ್ಚಿದ ಬಾಗಿಲ ಆಚೆ ಒಂದು ಸದ್ದೂ ಇರಲಿಲ್ಲ. ಅವಳು ನನ್ನ ಬೆರಳಿಗಂಟಿದ್ದ ಜೇನನ್ನು ತನ್ನ ಕರವಸ್ತ್ರದಿಂದ ಒರೆಸುತ್ತಲೇ ಇದ್ದಳು.

ಒಂದು ಗಂಟೆಯ ಮೇಲೆ ಡಾಕ್ಟರಮ್ಮ ಹೊರಬಂದರು. "ತೊಂಬತ್ತಕ್ಕೆ ಬಂದಿದೆ. ಸಂಜೆವರೆಗೂ ಇಲ್ಲೇ ಇರಲಿ. ಇವತ್ತು ಸೂಜಿ ಬೇಡ. ನಾಳೆಯಿಂದ ಒಂದೇ ಯೂನಿಟ್, ಅದೂ ಸಕ್ಕರೆ ನೋಡಿಕೊಂಡು. ಡಬ್ಬಿ ಊಟ ಒಳ್ಳೇದೇ, ಮುಂದುವರಿಸಿ." ನಮ್ಮಿಬ್ಬರನ್ನೂ ನೋಡಿದರು. "ಅಲ್ಲಾ, ನೀವಿಬ್ಬರೂ ಇರೋದು ಒಂದೇ ಮನೇಲಿ ತಾನೆ?"

ಮರುದಿನ ಬೆಳಿಗ್ಗೆ ಸಕ್ಕರೆ ಇನ್ನೂರ ಹತ್ತು ತೋರಿಸಿತು. ನಾದಿನಿ ಸಿರಿಂಜನ್ನು ಬೆಳಕಿಗೆ ಹಿಡಿದಳು. "ಅತ್ತಿಗೆ, ಗೆರೆ ನೋಡಿ. ಒಂದೇ ತಾನೆ?"

"ಒಂದೇ."

"ಇನ್ನೊಂದ್ಸಲ ನೋಡಿ. ತಟ್ಟೇಲಿ ಏನಿತ್ತು?"

"ಡಬ್ಬಿಯ ಮಾಂಸ. ಪೂರ್ತಿ ತಿಂದ."

ಸೂಜಿ ಚುಚ್ಚುವಾಗ, ಎಂದೂ ನಡುಗದ ಅವಳ ಕೈ ನಡುಗಿತು.

ದೊರೆ ಕಿಟಕಿಯ ಬಿಸಿಲಿಗೆ ಹೋಗಿ ಮಲಗಿದ. ಅದು ನಿದ್ದೆಯೋ, ಸಕ್ಕರೆ ಮತ್ತೆ ಇಳಿದ ಮಂಪರೋ ತಿಳಿಯಲಿಲ್ಲ. ಕರೆದೆ. ಒಂದು ಕಿವಿ ಆಡಿಸಿದ. ಅಂಗಡಿಗೆ ಹೊರಟಿದ್ದ ನಾದಿನಿ ಚಪ್ಪಲಿ ಬಿಚ್ಚಿ ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಐದು ನಿಮಿಷ ಬಿಟ್ಟು ಅವಳು "ದೊರೇ" ಎಂದು ಕರೆದಳು.