ಗೌಂಡಿ ಮಲ್ಕಪ್ಪನ ಎರಡು ಕಾರ್ಡು

ಆಳಂದದ ಸರ್ಕಾರಿ ಆಸ್ಪತ್ರೆಯಲ್ಲಿ ಮೈತ್ರಿಯದು ಆರೋಗ್ಯಮಿತ್ರದ ಕೆಲಸ. ರೋಗಿಗಳ ಪಡಿತರ ಚೀಟಿ, ಆಧಾರ ನೋಡಿ ಸರ್ಕಾರದ ಆರೋಗ್ಯ ಕಾರ್ಡು ಮಾಡಿಕೊಡಬೇಕು. ದೊಡ್ಡ ಕಾಯಿಲೆಯಾದರೆ ಡಾಕ್ಟರರಿಂದ ಪತ್ರ ಬರೆಸಿ ಕಲಬುರಗಿಗೋ ಬೇರೆಲ್ಲಿಗೋ ಕಳಿಸಬೇಕು. ಏಳು ವರ್ಷದಿಂದ ಅದೇ ಮೇಜು, ಅದೇ ಕುರ್ಚಿ. ಮೊದಲ ವರ್ಷ ಯಾರಿಗಾದರೂ "ಈ ಬ್ಯಾನಿ ಪಟ್ಟಿಯೊಳಗ ಬರಂಗಿಲ್ರಿ" ಎಂದು ಹೇಳಿದ ದಿನ ಅವಳಿಗೆ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಆಮೇಲೆ ಸೇರತೊಡಗಿತು. ಯಾವಾಗಿನಿಂದ ಎಂದು ಅವಳಿಗೇ ಗೊತ್ತಿಲ್ಲ. ಈಗ ಎದುರಿಗೆ ನಿಂತವರು ಅತ್ತರೂ ಅವಳು ಮುಂದಿನವರ ಕಾಗದಕ್ಕೆ ಕೈ ಚಾಚುತ್ತಿದ್ದಳು. ದನಿ ಏರುತ್ತಿರಲಿಲ್ಲ, ಇಳಿಯುತ್ತಲೂ ಇರಲಿಲ್ಲ.

ಅವಳ ತಂದೆ ಮಲ್ಕಪ್ಪ ಅಫಜಲಪುರ ತಾಲೂಕಿನ ಕರಜಗಿಯವನು. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿ, ಮೊಣಕಾಲು ಸೋತ ಮೇಲೆ ಮಗಳ ಮನೆಗೆ ಬಂದಿದ್ದ. ಮೈತ್ರಿಯ ಗಂಡ ಸೂರ್ಯಕಾಂತ ಲಾರಿ ಓಡಿಸುತ್ತಾನೆ. ಖಜೂರಿ ದಾಟಿ ಮಹಾರಾಷ್ಟ್ರಕ್ಕೆ ಹೋದನೆಂದರೆ ಹತ್ತು ಹನ್ನೆರಡು ದಿನ ಪತ್ತೆಯಿಲ್ಲ. ಹಾಗಾಗಿ ಮನೆಯಲ್ಲಿ ಹೆಚ್ಚಾಗಿ ಅಪ್ಪ ಮಗಳಿಬ್ಬರೇ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಪ್ರತಿ ತಿಂಗಳು ಎರಡನೇ ಮಂಗಳವಾರ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು, ಗುಳಿಗೆ ತೆಗೆದುಕೊಂಡು, ಅಲ್ಲಿ ಕೊಟ್ಟ ಹಳದಿ ಪುಸ್ತಕದಲ್ಲಿ ಅಂಕಿ ಬರೆಸಿಕೊಂಡು ಬರುತ್ತಿದ್ದ. ಗೋಡೆ ಕಟ್ಟುವಾಗ ಅದು ನೆಟ್ಟಗಿದೆಯೇ ಎಂದು ತೂಗುಗುಂಡು ಹಿಡಿದು ನೋಡುತ್ತಿದ್ದಷ್ಟೇ ಶ್ರದ್ಧೆ ಅದರಲ್ಲೂ.

ಮಲ್ಕಪ್ಪನ ಹತ್ತಿರ ಕಾರ್ಡು ಎರಡಿದ್ದವು. ಒಂದು ಸರ್ಕಾರದ್ದು, ಅದನ್ನು ಮಾಡಿಸಿದವಳು ಮೈತ್ರಿ. ಇನ್ನೊಂದು ಖಾಸಗಿ ವಿಮಾ ಕಂಪನಿಯದು, ಅದನ್ನು ಮಾಡಿಸಿದವನು ಮಗ ಜಗದೇವ.

ಜಗದೇವ ಜೇವರ್ಗಿಯ ಒಂದು ಖಾಸಗಿ ಕಾಲೇಜಿನಲ್ಲಿ ಲೆಕ್ಚರರ್. ಎರಡು ವರ್ಷದ ಹಿಂದೆ ಒಂದು ಭಾನುವಾರ ವ್ಯಂಕಟೇಶನೆಂಬ ಏಜೆಂಟನನ್ನು ಕರೆದುಕೊಂಡೇ ಆಳಂದಕ್ಕೆ ಬಂದ. ಬಂದವನು ಚಹಾ ಕುಡಿಯುವ ಮೊದಲೇ ಮಾತು ತೆಗೆದ.

"ಅಪ್ಪಗ ಅರವತ್ತೇಳು ಆತು. ಇನ್ನ ತಡಾ ಮಾಡಿದ್ರ ಯಾವ ಕಂಪನಿನೂ ತಗೊಳಂಗಿಲ್ಲ."

"ಸರ್ಕಾರಿ ಕಾರ್ಡ್ ಅದ ಅಲ್ಲಣ್ಣ," ಎಂದಳು ಮೈತ್ರಿ. "ಅದಕ್ಕ ವರ್ಷಾ ವರ್ಷಾ ಕಟ್ಟೂದಿಲ್ಲ. ಹಳೇ ಬ್ಯಾನಿ ಅದ ಏನು ಅಂತ ಕೇಳೂದಿಲ್ಲ. ಪತ್ರ ಬೇಕು, ಪಾಳಿ ಹಚ್ಚಬೇಕು, ಅಷ್ಟ."

"ಪಾಳಿ!" ಎಂದ ಜಗದೇವ. "ಅವ್ವ ಪಾಳಿಯೊಳಗ ಇದ್ದಾಗೇ ಹೋದಳು. ನೀ ಮರ್ತಿ. ನಾ ಮರ್ತಿಲ್ಲ."

ಮೈತ್ರಿಯೂ ಮರೆತಿರಲಿಲ್ಲ. ಹದಿಮೂರು ವರ್ಷದ ಹಿಂದೆ ತಾಯಿ ರುಕ್ಮಿಣಿಬಾಯಿ ಕಾಮಾಲೆ ಏರಿ ಸರ್ಕಾರಿ ವಾರ್ಡಿನಲ್ಲಿ, ಎರಡು ಮಂಚದ ನಡುವೆ ಚಾಪೆಯ ಮೇಲೆ, ಮೂರನೇ ದಿನ ತೀರಿಕೊಂಡಿದ್ದಳು. ಸಲೈನ್ ಬಾಟಲಿ ತೂಗುಹಾಕಲು ಮೊಳೆಯಿರಲಿಲ್ಲವೆಂದು ಜಗದೇವ ಅದನ್ನು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ತಡವಾಗಿ ಕರೆತಂದಿರಿ, ಯಾವ ಆಸ್ಪತ್ರೆಯಾದರೂ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದರು. ಜಗದೇವನಿಗೆ ಆ ಮಾತು ಕೇಳಿಸಿರಲೇ ಇಲ್ಲ. ಅವನಿಗೆ ನೆನಪಿದ್ದುದು ಕೈ ನೋವು ಮಾತ್ರ.

"ಖಾಸಗಿದರೊಳಗ ಹಳೇ ಬ್ಯಾನಿಗಿ ಮೂರು ವರ್ಷ ಕಾಯಬೇಕಾಗ್ತದ," ಎಂದಳು ಮೈತ್ರಿ. "ಅಪ್ಪಗ ಶುಗರ್ ಅದ. ಅದರಿಂದ ಏನಾದ್ರೂ ಆತಂದ್ರ ಮೂರು ವರ್ಷತನಕ ಒಂದು ರೂಪಾಯಿನೂ ಕೊಡಂಗಿಲ್ಲ."

"ಅದ ಅಂತ ಬರದ್ರ ತಾನ?" ಎಂದ ಜಗದೇವ.

ವ್ಯಂಕಟೇಶ ಮೊಬೈಲಿನಿಂದ ತಲೆ ಎತ್ತಲಿಲ್ಲ. ಉತ್ತರ ಮೊದಲೇ ಗೊತ್ತಿದ್ದವರ ಹಾಗೆ ಕೇಳಿದ. "ಅಪ್ಪಾರಿಗಿ ಶುಗರ್, ಬಿಪಿ ಅಂಥಾದ್ದೇನೂ ಇಲ್ಲಲ್ರಿ?"

ಅರ್ಜಿ ತುಂಬುವುದು ಮೈತ್ರಿಗೆ ಅಭ್ಯಾಸವೆಂದು ಜಗದೇವ ಪೆನ್ನನ್ನು ಅವಳ ಕೈಗೆ ಕೊಟ್ಟ. ಅವಳು ಅಣ್ಣನ ಮುಖ ನೋಡಿದಳು. ಇನ್ನೂ ಸಲೈನ್ ಬಾಟಲಿ ಹಿಡಿದುಕೊಂಡೇ ನಿಂತವನ ಮುಖ. ಅವಳು "ಇಲ್ಲ" ಎಂಬಲ್ಲಿ ಗುರುತು ಹಾಕಿದಳು. ಅವರು ಇಷ್ಟೆಲ್ಲ ಮಾತಾಡುವಷ್ಟು ಹೊತ್ತೂ ಮಲ್ಕಪ್ಪ ಬಾಗಿಲ ಬಳಿ ಕೂತು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದ. ಕರೆದಾಗ ಬಂದು, ತೋರಿಸಿದಲ್ಲಿ ಸಹಿ ಮಾಡಿ, ಮತ್ತೆ ಹೋಗಿ ಕೂತ.

ಎದೆ ನೋವು ಬಂದದ್ದು ಈ ಜನವರಿಯಲ್ಲಿ. ನೆರೆಮನೆಯವರು ಕಂಪೌಂಡ್ ಕಟ್ಟಿಸುತ್ತಿದ್ದರು. ಗೋಡೆ ವಾಲಿದೆ ಎಂದು ಹೇಳಲು ಹೋದ ಮಲ್ಕಪ್ಪ ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟ. ಮೈಯೆಲ್ಲ ಬೆವರು. ಮೈತ್ರಿ ತನ್ನ ಆಸ್ಪತ್ರೆಗೇ ಕರೆದೊಯ್ದಳು. ಇಸಿಜಿ ಮಾಡಿದ ಡಾಕ್ಟರು ಗುಳಿಗೆ ಕೊಟ್ಟು ನೋವು ಇಳಿಸಿ, ಕಲಬುರಗಿಗೆ ಹೋಗಿ ಹೃದಯದ ತಪಾಸಣೆ ಮಾಡಿಸಿ ಎಂದರು. ಅವಳು ಪತ್ರ ಬರೆಸುವಷ್ಟರಲ್ಲಿ ಜಗದೇವನ ಫೋನು ಬಂತು.

"ಪತ್ರ ಗಿತ್ರ ಬ್ಯಾಡ. ಸೀದಾ ನಾ ಹೇಳಿದ ದವಾಖಾನಿಗಿ ಕರಕೊಂಡ್ ಬಾ. ರೊಕ್ಕಾ ಕಟ್ಟೂದಿಲ್ಲ, ಕಾರ್ಡ್ ತೋರಿಸಿದ್ರ ಸಾಕು. ಇದಕ್ಕಂತೇ ಎರಡು ವರ್ಷ ಕಟ್ಟೇನಿ."

ಅವಳು ಹಾಗೇ ಮಾಡಿದಳು. ಕಲಬುರಗಿಯ ಆ ಖಾಸಗಿ ಆಸ್ಪತ್ರೆಯಲ್ಲಿ ನೆಲ ಹೊಳೆಯುತ್ತಿತ್ತು, ಅಪ್ಪನಿಗೆ ಕಿಟಕಿಯಿದ್ದ ಕೋಣೆ ಸಿಕ್ಕಿತು. ಜಗದೇವ ಜೇವರ್ಗಿಯಿಂದ ಬಂದವನೇ ಕೋಣೆಯನ್ನು ಒಮ್ಮೆ ಸುತ್ತಲೂ ನೋಡಿ ಉಸಿರು ಬಿಟ್ಟ. ಮರುದಿನ ಬೆಳಿಗ್ಗೆ ಆಂಜಿಯೋಗ್ರಾಂ ಆಯಿತು. ಎರಡು ಕಡೆ ರಕ್ತನಾಳ ಕಟ್ಟಿದೆ, ಸದ್ಯಕ್ಕೆ ಅಪಾಯವಿಲ್ಲ, ಆದರೆ ಮೂರು ನಾಲ್ಕು ದಿನದೊಳಗೆ ಸ್ಟೆಂಟ್ ಹಾಕಬೇಕು ಎಂದರು ಡಾಕ್ಟರು.

ವಿಮೆಯ ಕೌಂಟರಿನಲ್ಲಿ ಕೂತಿದ್ದವಳ ಹೆಸರು ನಸ್ರೀನ. ಮೈತ್ರಿಯ ವಯಸ್ಸಿನವಳೇ ಇರಬೇಕು. ಕಂಪನಿಗೆ ಕಾಗದ ಕಳಿಸಿ ಎರಡು ಗಂಟೆಯ ಮೇಲೆ ಅಣ್ಣ ತಂಗಿಯನ್ನು ಕರೆಸಿದಳು.

"ಡಾಕ್ಟರ್ ಶುಗರ್ ಅದ ಅಂತ ಬರದಾರ್ರಿ. ಫಾರ್ಮಿನೊಳಗ ಇಲ್ಲ ಅಂತ ಅದ. ಎಷ್ಟು ವರ್ಷದಿಂದ ಅದ ಅಂತ ಕಂಪನಿಯವರು ಕೇಳಾಕತ್ತಾರ. ಹಳೇ ಕಾಗದ ಏನರ ಇದ್ರ ಕೊಡ್ರಿ."

"ಮನ್ನಿ ಮನ್ನಿ ಬಂದದ್ರಿ ಮೇಡಂ," ಎಂದ ಜಗದೇವ. "ವರ್ಷ ಆಗಿರಬಹುದು. ಕಾಗದ ಏನೂ ಇಲ್ಲ."

ನಸ್ರೀನ ಮೈತ್ರಿಯ ಕಡೆ ನೋಡಿ, "ಇರೋ ಕಾಗದ ಎಲ್ಲಾ ಕೊಡ್ರಿ," ಎಂದಳು.

ಇದೇ ಮಾತನ್ನು ಮೈತ್ರಿ ದಿನಕ್ಕೆ ನಲವತ್ತು ಸಲ ಹೇಳುತ್ತಿದ್ದಳು. ಇದೇ ದನಿಯಲ್ಲಿ. ಕೌಂಟರಿನ ಆಚೆ ತಾನೇ ಕೂತು ಮಾತಾಡಿದಂತಾಯಿತು. ಆ ಮಾತು ಹೇಳಿದ ಮೇಲೆ ಎದುರಿಗಿದ್ದವರು ಏನು ಮಾಡುತ್ತಾರೆಂಬುದೂ ಅವಳಿಗೆ ಗೊತ್ತಿತ್ತು. ಚೀಲ ತೆರೆಯುತ್ತಾರೆ. ಅವಳ ಕೈ ಚೀಲ ತೆರೆಯಿತು, ಹಳದಿ ಪುಸ್ತಕ ತೆಗೆಯಿತು, ಕೌಂಟರಿನ ಮೇಲೆ ಇಟ್ಟಿತು. ಇಟ್ಟಾದ ಮೇಲೆಯೇ ತಾನೇನು ಮಾಡಿದೆನೆಂಬುದು ಅವಳ ತಲೆಗೆ ಬಂದದ್ದು. ಜಗದೇವ ಪುಸ್ತಕದ ಮೇಲೆ ಕೈಯಿಟ್ಟ. ಅಷ್ಟರಲ್ಲಿ ನಸ್ರೀನ ಮೊದಲ ಪುಟ ತೆರೆದಿದ್ದಳು.

"ಹತ್ತು ವರ್ಷದ ಮ್ಯಾಲಾತಲ್ರಿ," ಎಂದಳು.

ಜಗದೇವ ತಂಗಿಯನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ.

"ಯಾಕ ಕೊಟ್ಟಿ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ? ಫಾರ್ಮಿನೊಳಗ ಇಲ್ಲ ಅಂತ ಬರದಾಕಿ ನೀನ. ಈಗ ಪುಸ್ತಕ ಕೊಟ್ಟಾಕಿನೂ ನೀನ. ನಿನ್ನ ಸರ್ಕಾರಿ ಕಾರ್ಡ್ ದೊಡ್ಡದಾಗಬೇಕಿತ್ತೇನು?"

"ಅದಲ್ಲಣ್ಣ."

"ಮತ್ತೇನು?"

ಅವಳು ಯೋಚಿಸಿದಳು. ಸತ್ಯ ಹೇಳಬೇಕೆಂದು ಕೊಟ್ಟೆನೆಂದರೆ ಸುಳ್ಳಾಗುತ್ತಿತ್ತು. ಅಣ್ಣನ ಮೇಲಿನ ಸಿಟ್ಟಿಗೆ ಎಂದರೂ ಸುಳ್ಳೇ. "ಕೇಳಿದ್ರು, ಕೊಟ್ಟೆ," ಎಂದಳು. ಜಗದೇವ ಮೆಟ್ಟಿಲು ಇಳಿದು ಹೋದ.

ಸಂಜೆ ನಾಲ್ಕಕ್ಕೆ ಉತ್ತರ ಬಂತು. ಹಳೆಯ ಕಾಯಿಲೆ ಮುಚ್ಚಿಟ್ಟಿದ್ದರಿಂದ ಕಂಪನಿ ಹಣ ಕೊಡುವುದಿಲ್ಲ. ನಸ್ರೀನ ಅದನ್ನು ಓದಿ ಹೇಳಿ, "ನಾವೇನು ಮಾಡಾಕ ಬರಂಗಿಲ್ರಿ," ಎಂದಳು. ಮೈತ್ರಿ "ಹೌದ್ರಿ" ಎಂದಳು. ನಸ್ರೀನ ಮೇಜಿನಿಂದ ನೀರಿನ ಬಾಟಲಿ ಎತ್ತಿ ಅವಳ ಕಡೆ ಸರಿಸಿದಳು. ಮೈತ್ರಿ ಕುಡಿದು ಬಾಟಲಿ ವಾಪಸು ಇಟ್ಟಳು.

ಆ ಆಸ್ಪತ್ರೆ ಸರ್ಕಾರದ ಯೋಜನೆಯ ಪಟ್ಟಿಯಲ್ಲಿರಲಿಲ್ಲ. ಅಲ್ಲೇ ಸ್ಟೆಂಟ್ ಹಾಕಿಸಬೇಕೆಂದರೆ ಪೂರಾ ಕೈಯಿಂದ ಕೊಡಬೇಕಿತ್ತು. ಅಷ್ಟು ಇಬ್ಬರ ಹತ್ತಿರವೂ ಇರಲಿಲ್ಲ. ಆಂಜಿಯೋಗ್ರಾಂ ಬಿಲ್ಲನ್ನು ಜಗದೇವನೇ ಕಟ್ಟಿದ. ಅಪ್ಪನಿಗೆ ಹೇಳುವ ಕೆಲಸ ಮೈತ್ರಿಗೆ ಬಂತು.

ಮಲ್ಕಪ್ಪ ದಿಂಬಿಗೆ ಒರಗಿ ಕಿಟಕಿಯಾಚೆ ಏಳುತ್ತಿದ್ದ ಕಟ್ಟಡವನ್ನು ನೋಡುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅರ್ಜಿಯಲ್ಲಿ ಗುರುತು ಹಾಕಿದವಳು ತಾನೇ ಎಂಬುದನ್ನೂ ಹೇಳಿದಳು. ಅವನು ಸಿಟ್ಟಾಗಲಿಲ್ಲ.

"ಇಲ್ಲ ಅಂತ ಬರದ್ರೇನು?" ಎಂದು ಕೇಳಿದ.

"ಹೌದು ಯಪ್ಪಾ."

"ಒಂದು ತಿಂಗಳರ ತಪ್ಪಿಸೇನೇನಬೇ ನಾ? ಹತ್ತು ವರ್ಷದ ಮ್ಯಾಲಾತು. ಮಳಿ ಬರ್ಲಿ, ಬಿಸಲಿರ್ಲಿ, ಹೋಗಿ ತಪಾಸ ಮಾಡಿಸ್ಕೊಂಡು ಬಂದೇನಿ." ಹೊದ್ದಿದ್ದ ಚಾದರ ಸರಿಸಿ ಅಂದ, "ನಡಿ ಮತ್ತ. ನಿನ್ನ ಕಾರ್ಡ್ ನಡಿಯೋ ಕಡಿಗಿ ನಡಿ."

ಕಲಬುರಗಿಯದೇ ಸರ್ಕಾರಿ ಹೃದಯದ ಆಸ್ಪತ್ರೆಗೆ ಬೇಕಾದ ಪತ್ರ ಆಳಂದದಿಂದ ಮರುದಿನ ಬೆಳಿಗ್ಗೆಯೇ ಬಂತು. ಆ ಆಸ್ಪತ್ರೆಯಲ್ಲಿ ಕಿಟಕಿಯ ಕೋಣೆ ಇರಲಿಲ್ಲ. ಸಾಲು ಮಂಚಗಳು, ಒಬ್ಬರ ಕೆಮ್ಮು ಇನ್ನೊಬ್ಬರಿಗೆ. ಅಪ್ಪನಿಗೆ ಮಂಚ ಸಿಕ್ಕಿತು, ಪಾಳಿ ಮೂರು ದಿನದ ನಂತರ ಬರುವುದೆಂದರು. ಮೂರು ದಿನವೂ ಮೈತ್ರಿ ಮಂಚದ ಪಕ್ಕ ಕೂತಳು. ಪಕ್ಕದ ಮಂಚದ ರೋಗಿಯ ಹೆಂಡತಿ ಖುರ್ಷಿದಬೇಗಂ ಗಂಡನ ಅರ್ಜಿ ತಂದು ತೋರಿಸಿದರೆ ತುಂಬಿಕೊಟ್ಟಳು. ಯಾವ ಕಾಗದದ ನಕಲು ಎಷ್ಟು ಬೇಕೆಂದು ಹೇಳಿದಳು. ಅಪ್ಪ ನೋವೆಂದು ಎದೆ ತಡವಿಕೊಂಡಾಗ ಎದ್ದು ನರ್ಸನ್ನು ಕರೆದಳು. ಪಾಳಿ ಬರುವ ಮೊದಲೇ ಏನಾದರೂ ಆದರೆ ಎಂಬ ಯೋಚನೆ ಬಂತು. ಅದು ಬೇರೆ ಯಾರದೋ ಅಪ್ಪನ ಬಗ್ಗೆ ಬಂದಂತೆ ಬಂದು ಹೋಯಿತು.

ನಾಲ್ಕನೇ ದಿನ ಸ್ಟೆಂಟ್ ಹಾಕಲು ಒಳಗೆ ಕರೆದೊಯ್ದರು. ಮೈತ್ರಿ ಹೊರಗೆ ಬೆಂಚಿನ ಮೇಲೆ ಕೂತಳು. ಸುತ್ತ ಕೂತವರು ಕೈ ಮುಗಿಯುತ್ತಿದ್ದರು, ಫೋನಿನಲ್ಲಿ ಅಳುತ್ತಿದ್ದರು. ಅವಳಿಗೆ ಹಸಿವಾಗಿತ್ತು. ಬಾಳೆಹಣ್ಣು ತಂದು ತಿಂದಳು. ಸಿಪ್ಪೆಯನ್ನು ಡಬ್ಬಿಗೆ ಹಾಕಿ ಬಂದು ಕೂತಳು. ಒಂದೂವರೆ ಗಂಟೆಯ ಮೇಲೆ ಡಾಕ್ಟರು ಹೊರಬಂದು, ಎರಡೂ ಸರಿಯಾಗಿ ಕೂತಿವೆ, ಹೆದರಬೇಡಿ ಎಂದರು. ಅವಳು ಹೆದರಿರಲಿಲ್ಲ. ಯಾಕೆ ಹೆದರಿರಲಿಲ್ಲ ಎಂದು ಆಗ ಸ್ವಲ್ಪ ಹೆದರಿಕೆಯಾಯಿತು.

ಜಗದೇವ ಮರುದಿನ ಬಂದ. ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟ. ಮಂಚಗಳ ನಡುವಿನ ಜಾಗವನ್ನು ನೋಡುತ್ತಿದ್ದ. ಅಲ್ಲಿ ಯಾರೂ ಚಾಪೆ ಹಾಸಿ ಮಲಗಿರಲಿಲ್ಲ. ಆದರೂ ಒಳಗೆ ಬರಲು ಅವನಿಗೆ ಹೊತ್ತು ಹಿಡಿಯಿತು. ಡಬ್ಬಿಯಲ್ಲಿ ಅಪ್ಪನಿಗೆಂದು ಉಪ್ಪಿಲ್ಲದ ಗಂಜಿ ತಂದಿದ್ದ. ತಂಗಿಯ ಜೊತೆ ಮಾತಾಡಲಿಲ್ಲ.

"ಕಂಪನಿಯವರು ಪಾಲಿಸಿನ ರದ್ದ ಮಾಡ್ಯಾರ," ಎಂದ ಅಪ್ಪನಿಗೆ. "ಕಟ್ಟಿದ್ದೂ ಹೋತು."

"ಹೋಗ್ಲಿ ಬಿಡು."

"ನಾ ನಿನ್ನ ಸಲುವಾಗೇ ಮಾಡಿದ್ದೆ ಯಪ್ಪಾ. ಅವ್ವನಂಗ ಆಗಬಾರದಂತ."

"ಗೊತ್ತದಲೇ. ನಿನ್ನ ತಂಗಿನೂ ನನ್ನ ಸಲುವಾಗೇ ಬ್ಯಾಡಂದಿದ್ದಳು." ಮಲ್ಕಪ್ಪ ಒಂದು ಚಮಚ ಗಂಜಿ ನುಂಗಿದ. "ನಾ ಅಲ್ಲೇ ಬಾಗಲದಾಗ ಕುಂತಿದ್ದೆ. ಇಬ್ಬರೂ ಮಾತಾಡಿದ್ರಿ, ಜಗಳ ಆಡಿದ್ರಿ. ಆ ಹೊರಗಿನಾಂವ ಸುದ್ದಾ ನನ್ನ ಬ್ಯಾನಿ ನಿಮಗ ಕೇಳಿದ. ನನಗ್ಯಾರೂ ಕೇಳಲಿಲ್ಲ. ಇನ್ನೊಮ್ಮೆ ಏನರ ಮಾಡೂದಿದ್ರ ನನ್ನ ಕೂಡ್ಸ್ಕೊಂಡು ಮಾತಾಡ್ರಿ. ಎದಿ ನಂದದ."

ಜಗದೇವ ಡಬ್ಬಿಯ ಮುಚ್ಚಳ ಹಿಡಿದುಕೊಂಡು ಹೊರಗೆ ಹೋದ. ಮೈತ್ರಿ ಹಿಂದೆ ಹೋದಾಗ ಅವನು ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದ. ನಲವತ್ತಾರು ವರ್ಷದ ಗಂಡಸು, ಬರುವವರು ಹೋಗುವವರು ನೋಡುತ್ತಿದ್ದರೂ ಅಳುತ್ತಿದ್ದ. ಅವಳು ಪಕ್ಕದಲ್ಲಿ ಕೂತಳು. ತನಗೂ ಅಳು ಬರಲಿ ಎಂದು ಕಾದಳು. ಬರಲಿಲ್ಲ. ಅಣ್ಣನ ಬೆನ್ನ ಮೇಲೆ ಕೈಯಿಟ್ಟಳು. ಅವನು ತೆಗೆಯಲು ಹೇಳಲಿಲ್ಲ.

ಎರಡು ದಿನದ ಮೇಲೆ ಅಪ್ಪನನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡಿದರು. ಕಾರು ಮಾಡಿಕೊಡುತ್ತೇನೆಂದ ಜಗದೇವನಿಗೆ ಮಲ್ಕಪ್ಪ ಬೇಡವೆಂದ. ಬಸ್ಸೇ ಆಗಬಹುದು, ಡಾಕ್ಟರನ್ನು ಕೇಳಿದ್ದೇನೆ ಎಂದ. ಕಡಗಂಚಿ ದಾಟುವಾಗ ಅವನಿಗೆ ನಿದ್ದೆ ಹತ್ತಿ ತಲೆ ಮಗಳ ಹೆಗಲಿಗೆ ವಾಲಿತು. ಆಳಂದ ಬರುವತನಕ ಅವಳು ಆ ಕಡೆಯ ತೋಳು ಅಲುಗಿಸಲಿಲ್ಲ.

ಮರುದಿನ ಅವಳು ಡ್ಯೂಟಿಗೆ ಹೋಗಬೇಕಿತ್ತು. ಹೋಗಲಿಲ್ಲ. ಎಂಟಕ್ಕೆ ಎಚ್ಚರವಾಗಿ, ಎದ್ದು ಕೂತು, ಮತ್ತೆ ಮಲಗಿದಳು. ಮಧ್ಯಾಹ್ನ ಎರಡರ ತನಕ ಮಲಗಿದಳು. ಎದ್ದಾಗ ಹಾಸಿಗೆಯ ಬಳಿ ತಾಟು ಮುಚ್ಚಿದ ಚಹಾ ಇತ್ತು, ಪೂರಾ ಆರಿತ್ತು. ಹೊರಗೆ ಅಪ್ಪ ನೆರೆಯವರಿಗೆ ಗೋಡೆಯ ಬಗ್ಗೆ ಏನೋ ಹೇಳುತ್ತಿದ್ದ, ಮೆಲ್ಲಗೆ, ನಡುನಡುವೆ ಉಸಿರು ತೆಗೆದುಕೊಂಡು. ಅವಳು ಆರಿದ ಚಹಾವನ್ನೇ ಕುಡಿಯುತ್ತ ಆ ಮಾತು ಕೇಳುತ್ತ ಕೂತಳು.