ಏಟು ತಿನ್ನುವ ರೋಲರ್

ಉಗುರು ಬೆಳೆದಿದೆ, ಎಡಗೈ ಹೆಬ್ಬೆಟ್ಟಿನದು, ನಿನ್ನೆಯೇ ಕತ್ತರಿಸುತ್ತೀನಿ ಅಂದಿದ್ದಳು ಸೊಸೆ ಸ್ನೇಹಲತಾ, ಮರೆತಳು, ಮರೆಯದೆ ಏನು ಮಾಡುತ್ತಾಳೆ, ಬೆಳಗಾಗೆದ್ದು ನನಗೆ ಮೈ ತೊಳೆದು, ಇಸ್ತ್ರಿ ಷರ್ಟು ಹಾಕಿ, ದುದ್ದದಿಂದ ಹಾಸನಕ್ಕೆ ಕಾರಿನಲ್ಲಿ ತಂದು, ಗಾಲಿಕುರ್ಚಿ ಸಮೇತ ಈ ಮಹಡಿಗೆ ಹತ್ತಿಸಿ — ಉಗುರು ಮಡಿಲಲ್ಲಿರುವ ಆಟದ ಮಿಷನ್ನಿನ ಗುಂಡಿಗೆ ತಾಗಿ ಟಕ್ ಅನ್ನುತ್ತದೆ, ಅನ್ನಲಿ, ಬೆರಳು ಬಗ್ಗಿದರೆ ಸಾಕು, ಎದುರಿಗೆ ಕೂತ ಹುಡುಗ ಹೊಳೆನರಸೀಪುರದವನಂತೆ, ಪ್ರದ್ಯುಮ್ನ, ಇಂಜಿನಿಯರಿಂಗ್ ಓದುತ್ತಾನಂತೆ, ಹಣೆಯ ಮೇಲೆ ತೆಳ್ಳಗೆ ನಾಮ, ಅಂಕಲ್, ಶುರು ಮಾಡೋಣ್ವಾ ಅಂದ, ನನ್ನ ಮುಖ ನೋಡಿಯೇ ಅಂದ, ಹಿಂದೆ ನಿಂತವರ ಮುಖ ನೋಡಿ ಅಲ್ಲ, ಎಂಟು ತಿಂಗಳಾಯಿತು ಹೊರಗಿನವರು ಯಾರೂ ನನ್ನನ್ನು ಹಾಗೆ ಕೇಳಿ, ತಲೆ ಆಡಿಸಿದೆನೋ ಇಲ್ಲವೋ ಗೊತ್ತಿಲ್ಲ, ಆಡಿಸಬೇಕು ಅಂದುಕೊಂಡದ್ದಂತೂ ನಿಜ. ಪಂದ್ಯ ನಡೆಸುವ ಸಂಜಯ್ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಾನೆ, ಆಡೋರ ಮಿಷನ್ನ ಬೇರೆ ಯಾರೂ ಮುಟ್ಟಂಗಿಲ್ಲ, ಯಾವ್ದು ಒತ್ಬೇಕು ಅಂತ ಯೇಳ್ಕೊಡಂಗಿಲ್ಲ, ಒಂದು ಸರದಿಗೆ ನಲವತ್ತೈದು ಸೆಕೆಂಡ್, ಅಷ್ಟೇ — ಸರಿಯಪ್ಪ, ನನಗೂ ಅದೇ ಬೇಕು, ಯಾರೂ ಮುಟ್ಟಬಾರದು, ಅದನ್ನು ಬಾಗಿಲ ಹತ್ತಿರ ಗೋಡೆಗೊರಗಿ ಮೊಬೈಲ್ ನೋಡುತ್ತಿರುವ ನನ್ನ ಮಗ ಅನಿಲ್‌ಕುಮಾರ್ ನೋಡಬೇಕು, ಮಹಾರಾಯ ತಲೆ ಎತ್ತಿದರೆ ತಾನೆ. ಮೊನ್ನೆ ನಡುಮನೆಯಲ್ಲಿ ನನ್ನ ಮಂಚದ ಪಕ್ಕದಲ್ಲೇ ನಿಂತು, ನಾನು ಕಣ್ಣು ಬಿಟ್ಟುಕೊಂಡೇ ಇದ್ದೇನೆ, ಅಪ್ಪನ್ ಮಂಚನ ಸೋಮ್ವಾರ ಕೊಟ್ಟಿಗೆ ಪಕ್ಕದ ರೂಮಿಗೆ ಆಕ್ಬುಡಾನ ಕಣವ್ವ, ಅವ್ರು ಎಲ್ಲಿದ್ರೇನು, ಏನೂ ತಿಳಿಯಾಕಿಲ್ಲ, ಅಂದ, ನನ್ನ ಹೆಂಡತಿ ಬೆಟ್ಟಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳೇ ಹೊರತು ಬೇಡ ಅನ್ನಲಿಲ್ಲ, ದನದ ವಾಸನೆಗೆ ನಾನೇನು ಹೆದರುವವನಲ್ಲ, ಹುಟ್ಟಿದ್ದೇ ಅದರೊಳಗೆ, ಆದರೆ ಏನೂ ತಿಳಿಯಾಕಿಲ್ಲ ಅಂದನಲ್ಲ, ಅದು ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕೂತುಬಿಟ್ಟಿತು. ತಿಳಿಯುತ್ತೆ ರೀ, ದಿನಾ ನನ್ಜೊತೆ ಆಟ ಆಡ್ತಾರೆ, ಅಂದವಳು ಸ್ನೇಹಲತಾ ಒಬ್ಬಳೇ, ನೀನೇ ಒತ್ತಿ ಮಾವ ಒತ್ತುದ್ರು ಅಂತೀಯ ಅಂತ ಇವನು, ಹಂಗಾದ್ರೆ ಭಾನುವಾರ ಹಾಸನದಲ್ಲಿ ಪಂದ್ಯ ಐತೆ, ನಾನು ದೂರ ನಿಂತ್ಕೊತೀನಿ, ಬಂದು ಕಣ್ಣಾರೆ ನೋಡಿ, ಆಮೇಲೆ ಬೇಕಾದ್ರೆ ಮಂಚ ಎತ್ತಿ, ಅಂತ ಅವಳು. ಇವತ್ತು ಭಾನುವಾರ.

ಈ ಮಿಷನ್ನಿಗೆ ಬೀರುವಿನಲ್ಲಿ ಬೀಗ ಹಾಕಿದವನೇ ನಾನು, ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ, ಚನ್ನರಾಯಪಟ್ಟಣದಿಂದ ಬಂದ ಹೊಸ ಸೊಸೆ, ಕೆಲಸವೆಲ್ಲ ಮುಗಿಸಿ ಜಗುಲಿಯಲ್ಲಿ ಕೂತು ಅಂಗೈಯಗಲದ ಪರದೆಯಲ್ಲಿ ರಾಕ್ಷಸ ಪ್ರಾಣಿಗಳನ್ನು ಕಾದಾಡಿಸುತ್ತಿದ್ದಳು, ಇದೇನವ್ವಾ ಎಳೇ ಮಕ್ಕಳಾಟ, ನಾಕ್ ಜನ ನೋಡಿದ್ರೆ ಏನಂದಾರು, ಇಲ್ಕೊಡು, ಅಂದೆ, ಕೊಟ್ಟಳು, ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡೆ, ಒಂದೂವರೆ ವರ್ಷ ಅದು ಹೊಟ್ಟೆಗೆ ಒತ್ತುತ್ತಲೇ ಇತ್ತು, ಒಂದು ದಿನವೂ ಅವಳು ಕೇಳಲಿಲ್ಲ, ನಾನೂ ಕೊಡಲಿಲ್ಲ, ದೊಡ್ಡ ಮನುಷ್ಯ ನೋಡು ನಾನು. ಆಮೇಲೆ ಬಚ್ಚಲಲ್ಲಿ ಲಕ್ವ ಹೊಡೆದು ಬಿದ್ದೆ, ಬಲಗೈ ಬಲಗಾಲು ನನ್ನವಲ್ಲ ಅನ್ನುವ ಹಾಗೆ ಆದವು, ಬಾಯಲ್ಲಿ ಮಾತು ಹೊರಡಲಿಲ್ಲ, ಆಸ್ಪತ್ರೆಯ ನರ್ಸಮ್ಮ ಉಡುದಾರ ಕತ್ತರಿಸಿ ಬೀಗದ ಕೈಯನ್ನು ಸ್ನೇಹಲತಾಳ ಅಂಗೈಗೇ ಹಾಕಿದ್ದನ್ನು ಈ ಕಣ್ಣಿಂದಲೇ ನೋಡಿದೆ, ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅದೇ ಮಿಷನ್ನು ಹಿಡಿದು ಮಂಚದ ಹತ್ತಿರ ಬಂದಳು, ಈಗ ಹಂಗಿಸುತ್ತಾಳೆ ಅಂದುಕೊಂಡೆ, ಹಂಗಿಸಲಿ, ಹಕ್ಕಿದೆ — ಹೊಟ್ಟೆಯ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಮಿಷನ್ನಿಟ್ಟು, ನನ್ನ ಎಡಗೈ ಹೆಬ್ಬೆಟ್ಟನ್ನು ಹಿಡಿದು ಗುಂಡಿಯ ಮೇಲೆ ಕೂರಿಸಿದಳು, ಒತ್ತಿ ಮಾವ, ಎಷ್ಟೊತ್ತಾದ್ರೂ ಆಗ್ಲಿ, ಇದು ಕಾಯುತ್ತೆ, ಅಂದಳು. ಕಾಯುತ್ತೆ! ಹಾಗಂತ ಯಾರು ಹೇಳಿದ್ದರು ನನಗೆ ಅಷ್ಟು ದಿನದಲ್ಲಿ, ಚಮಚ ಕಾಯುತ್ತಿರಲಿಲ್ಲ, ಮಾತ್ರೆ ಕಾಯುತ್ತಿರಲಿಲ್ಲ, ಕೇಳಿದ ಪ್ರಶ್ನೆಗೆ ನನ್ನ ನಾಲಿಗೆ ಹೊರಳುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು, ಈ ಪುಟ್ಟ ಪೆಟ್ಟಿಗೆ ಮಾತ್ರ ಮಿಣಮಿಣ ಅನ್ನುತ್ತ ನನ್ನನ್ನೇ ನೋಡುತ್ತ ಕಾದಿತ್ತು. ನಿಮ್ ಪ್ರಾಣಿಗೆ ಹೆಸ್ರಿಡಿ ಅಂದಳು, ಸಾಲಾಗಿ ಇಂಗ್ಲಿಷ್ ಅಕ್ಷರ, ಏಳನೇ ಕ್ಲಾಸಿನ ಇಂಗ್ಲಿಷು ನನ್ನದು, ಒಂದೊಂದು ಅಕ್ಷರಕ್ಕೂ ಬೆವರಿಳಿಸುತ್ತ ಹುಡುಕಿದೆ, ಅವಳು ಅಕ್ಕಿ ಆರಿಸುತ್ತ ಕೂತಿದ್ದವಳು ಬಗ್ಗಿ ನೋಡಿದಳು, ರೋ… ಲರ್… ಮಾವ, ನೀವು ಓಡಿಸ್ತಿದ್ದ ರಸ್ತೆ ರೋಲರ್ರಾ, ಅಂದಳು, ಅಂದವಳೇ ಮೊರ ಅಲ್ಲೇ ಬಿಟ್ಟು ನನ್ನ ಮುಖವನ್ನು ನೋಡಿದಳು, ಬಾವಿಯೊಳಗೆ ಬಿದ್ದವನ ಕೂಗು ಕೇಳಿಸಿದವರು ಬಗ್ಗಿ ನೋಡುವ ಹಾಗೆ ನೋಡಿದಳು, ಕಣ್ಣು ತುಂಬಿತ್ತು, ನನಗೂ. ಓಡಿ ಹೋಗಿ ಗಂಡನಿಗೆ ತೋರಿಸಿದರೆ ಅವನು, ಕೈ ತಾಕಿ ಒತ್ಕಂಡಿರ್ತದೆ ಬುಡು, ಅಂದನಂತೆ.

ಟಕ್. ಮೊದಲನೆಯದು ಹೋಯಿತು, ನಮ್ಮದು, ಎರಡೇ ಏಟಿಗೆ, ಇಬ್ಬರಿಗೂ ಮೂರು ಮೂರು ಪ್ರಾಣಿ, ಹುಡುಗನವು ಒಂದಕ್ಕಿಂತ ಒಂದು ಚುರುಕು, ನಾನು ಗುಂಡಿ ಹುಡುಕುವಷ್ಟರಲ್ಲಿ ಅವನು ಒತ್ತಿ ಕೈಕಟ್ಟಿ ಕೂತಿರುತ್ತಾನೆ, ನಲವತ್ತೈದು ಸೆಕೆಂಡಿನಲ್ಲಿ ನನ್ನ ಹೆಬ್ಬೆಟ್ಟಿಗೇ ಮೂವತ್ತು ಬೇಕು, ಎರಡನೆಯದೂ ಬಿತ್ತು, ಪರವಾಗಿಲ್ಲ, ಈಗ ಬರುತ್ತಾನೆ ನೋಡು ನಮ್ಮ ರೋಲರ್ — ಬಂದ, ಅಬ್ಬಾ, ಎಷ್ಟು ಸಲ ನೋಡಿದರೂ ಮೈ ಜುಂ ಅನ್ನುತ್ತದೆ, ಆನೆಯೂ ಅಲ್ಲ ಕೋಣವೂ ಅಲ್ಲ, ಬೂದಿ ಬಣ್ಣದ ಗುಡ್ಡ, ಕುತ್ತಿಗೆ ಎಲ್ಲಿ ಮುಗಿದು ಬೆನ್ನು ಎಲ್ಲಿ ಶುರುವಾಯಿತು ಹೇಳುವ ಹಾಗಿಲ್ಲ, ಪರದೆಗೇ ಹಿಡಿಸುವುದಿಲ್ಲ, ಪಕ್ಕದಲ್ಲಿ ಯಾರೋ ಕಿಸಕ್ಕಂದರು, ಇದ್ನ ಯಾರ್ಲಾ ತರ್ತಾರೆ ಪಂದ್ಯಕ್ಕೆ, ಅಂದದ್ದು ಕೇಳಿಸಿತು, ನಗಿ, ನಗಿ, ರೋಲರ್ ನೋಡಿ ನಗದವರು ಯಾರು. ಇದಕ್ಕೆ ಸ್ಪೀಡ್ ಇಲ್ಲ ಮಾವ, ಏಟು ಕೊಡೋ ತಾಕತ್ತೂ ಅಷ್ಟಕ್ಕಷ್ಟೇ, ಆದ್ರೆ ಏಟು ತಿನ್ನೋದ್ರಲ್ಲಿ ಇದನ್ನ ಮೀರಿಸೋದು ಯಾವ್ದೂ ಇಲ್ಲ, ಅಂತ ಸ್ನೇಹಲತಾ ಮೊದಲ ದಿನವೇ ಹೇಳಿದ್ದಳು, ಗೆದ್ದು ಬಂದ ಅಂಕವನ್ನು ಎಲ್ಲರೂ ಸ್ಪೀಡಿಗೆ ಹಾಕುತ್ತಾರಂತೆ, ನಾನು ಒಂದನ್ನೂ ಬಿಡದೆ ಮೈಗೇ ಹಾಕಿದೆ, ಚರ್ಮಕ್ಕೆ, ಮೂಳೆಗೆ, ಅವಳು ಬಿದ್ದು ಬಿದ್ದು ನಕ್ಕಳು, ಮಾವ, ಇದು ಸರದೀಲಿ ಎಲ್ರಿಗಿಂತ ಕೊನೇಗೆ ಬರುತ್ತೆ, ಅಂದಳು, ಬರಲಿ ತಾಯಿ, ಮೂವತ್ತೊಂದು ವರ್ಷ ನಾನು ಬಂದದ್ದೇ ಕೊನೆಗೆ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ರೋಲರ್ ಒಯ್ಯಬೇಕೆಂದರೆ ಬುತ್ತಿ ಕಟ್ಟಿಕೊಂಡು ಹೊತ್ತು ಮೂಡುವಾಗ ಹೊರಟರೆ ಹೊತ್ತು ಮುಳುಗುವಾಗ ಸೇರುತ್ತಿದ್ದೆ, ಅರಕಲಗೂಡು ರಸ್ತೆಯಲ್ಲಿ ಡಾಂಬರು ಕುದಿಯುವ ಬಿಸಿಲಲ್ಲಿ ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ, ಲೇ ಪುಟ್ಟಸ್ವಾಮಿ, ಸೈಡ್ ಕೊಡ್ಲಾ, ಎಮ್ಮೆ ಮೇಲ್ ಕುಂತಿದ್ದೀಯಾ, ಅನ್ನುವನು, ನಾನು ಜಲ್ಲಿಯ ಮೇಲೆ ಹೋಗಿ, ತಿರುಗಿ, ಅದರ ಮೇಲೇ ಬಂದು, ಮತ್ತೆ ಹೋಗಿ, ಆಮೇಲೆ ಅವನು ಜುಮ್ಮಂತ ಓಡಿಸಿದ್ದು ನಾನು ತುಳಿದು ಕೊಟ್ಟ ರಸ್ತೆಯ ಮೇಲೆ ತಾನೆ. ಅನಿಲ ಚಿಕ್ಕವನಿದ್ದಾಗ ರಜದ ದಿನ ತೊಡೆಯ ಮೇಲೆ ಕೂರಿಸಿಕೊಂಡರೆ, ಜೋರಾಗೋಡ್ಸಪ್ಪಾ, ಜೋರಾಗಿ, ಅಂತ ಸ್ಟಿಯರಿಂಗ್ ಹಿಡಿದು ಕುಣಿಯುತ್ತಿದ್ದ, ನಿಧಾನಕ್ಕೆ ಕಣ್ಲಾ ಮಗಾ, ಟೈಮ್ ಐತೆ, ರಸ್ತೆ ಎಲ್ಲೋಗ್ತದೆ, ಅನ್ನುತ್ತಿದ್ದೆ, ದಿನಕ್ಕೆ ನೂರು ಸಲ ಅಂದಿರಬೇಕು.

ಹೊಡೆದ ಹುಡುಗ, ಮಿಂಚಿನ ನರಿಯಿಂದ ಹೊಡೆಸಿದ, ಪರದೆಯೇ ಬೆಳ್ಳಗಾಯಿತು, ರೋಲರ್ ತಲೆಯ ಮೇಲೆ ಉಸಿರೆಷ್ಟಿದೆ ಅಂತ ತೋರಿಸುವ ಹಸಿರು ಗೀಟು ಸರ್ರನೆ ಇಳಿದು ಹಳದಿ, ನಿಂತಿತು, ರೋಲರ್ ಕಣ್ಣು ಸಹ ಮಿಟುಕಿಸಲಿಲ್ಲ, ನನ್ನ ಸರದಿ, ಮಣ್ಣು ಎರಚು, ಟಕ್, ಎರಚಿದ ಮಣ್ಣು ಕಣ್ಣಿಗೆ ಮೂಗಿಗೆ ತುಂಬಿ ಅವನ ಪ್ರಾಣಿಯ ಉಸಿರು ಪ್ರತಿ ಸರದಿಯ ಕೊನೆಗೂ ಒಂದಿಷ್ಟು ಇಳಿಯುತ್ತದೆ, ಇದೊಂದೇ ನಮ್ಮ ಆಯುಧ, ಮತ್ತೆ ಹೊಡೆದ, ಕೆಂಪು, ನೂಲಿನಷ್ಟು ಕೆಂಪು ಉಳಿಯಿತು, ನನ್ನ ಸರದಿ, ಮಲಗು, ಟಕ್, ಶತ್ರುವಿನ ಎದುರಿಗೇ ಗುಡ್ಡ ಅಡ್ಡಾಗಿ ಗೊರಕೆ ಹೊಡೆಯಿತು, ನಿದ್ದೆಯಲ್ಲೇ ಏಟು ತಿನ್ನುತ್ತ ನಿದ್ದೆಯಲ್ಲೇ ಹಸಿರಾಯಿತು, ದೇವರೇ, ಇದನ್ನು ಮೊದಲ ಸಲ ನೋಡಿದಾಗ ಮಂಚದ ಮೇಲೆ ಹೋ ಅಂತ ಅತ್ತಿದ್ದೆ, ಬೆಟ್ಟಮ್ಮ ಓಡಿ ಬಂದು ಎಲ್ಲಿ ನೋವು ಅಂತ ಕಾಲು ತಿಕ್ಕಿದ್ದಳು, ನೋವಲ್ಲ ಕಣೇ, ಮಲಗಿಕೊಂಡೇ ಇರುವುದೂ ಒಂದು ಪಟ್ಟು ಅಂತ ನನಗೆ ಗೊತ್ತೇ ಇರಲಿಲ್ಲ ಕಣೇ, ಮಲಗಿದವನು ಸತ್ತವನಲ್ಲ, ಮೈ ತುಂಬಿಸಿಕೊಳ್ಳುತ್ತಿದ್ದಾನೆ ಅಂತ ಹೇಳಲಿಕ್ಕೆ ಬಾಯಿ ಇರಲಿಲ್ಲ. ನರಿ ಬಿತ್ತು, ಮಣ್ಣು ತಿಂದೇ ಬಿತ್ತು, ಹಾವು ಬಂತು, ಹೊಡೆಯಿತು, ನಿಂತ, ಹೊಡೆಯಿತು, ಮಲಗಿದ, ಎದ್ದ, ಎರಚಿದ, ಹುಡುಗ ಮುಂದಕ್ಕೆ ಬಗ್ಗಿ ಕೂತಿದ್ದಾನೆ, ಕೈಕಟ್ಟುವುದನ್ನು ಬಿಟ್ಟಿದ್ದಾನೆ, ಕಿಸಕ್ಕಂದವರು ಕುರ್ಚಿಗಳನ್ನು ಹತ್ತಿರ ಎಳೆದ ಸದ್ದು, ಹಾವೂ ಬಿತ್ತು, ಸೂಪರ್ ಅಂಕಲ್, ಅಂದ ಹುಡುಗ, ಅವರಪ್ಪ ಅಮ್ಮನ ಹೊಟ್ಟೆ ತಣ್ಣಗಿರಲಿ, ನನಗೇ ಹೇಳಿದ. ಅನಿಲ ಎಲ್ಲಿ, ಬಾಗಿಲ ಹತ್ತಿರ ಇಲ್ಲ, ಹೋದನೇ, ಇಷ್ಟು ದೂರ ಬಂದು ನೋಡದೆ ಕೆಳಗಿಳಿದು ಕಾಫಿಗೆ ಹೋದನೇ.

ಕೊನೆಯದು, ಬೆಂಕಿ ಹಕ್ಕಿ, ಆರು ಸರದಿಯಾಯಿತು, ಅದರ ಗೀಟೂ ಇಳಿದಿದೆ, ಈ ಸರದಿ ಮುಗಿಯುವವರೆಗೆ ರೋಲರ್ ನಿಂತಿದ್ದರೆ ಮೈಗಂಟಿದ ಮಣ್ಣಿಗೇ ಅದು ಉರುಳುತ್ತದೆ, ಆದರೆ ಅದಕ್ಕಿಂತ ಮುಂಚೆ ಅದರ ದೊಡ್ಡ ಏಟು ಬರುತ್ತದೆ, ರೋಲರ್ ಅರ್ಧಕ್ಕೆ ಬಂದಿದ್ದಾನೆ, ಬರಿಮೈಯಲ್ಲಿ ತಿಂದರೆ ಮುಗಿಯಿತು, ಗಟ್ಟಿ ನಿಲ್ಲು ಅನ್ನುವುದನ್ನು ಒತ್ತಿದರೆ ಏಟು ಕುಗ್ಗುತ್ತದೆ, ಉಳಿಯಬಹುದು, ಅದು ಎರಡನೇ ಸಾಲಿನಲ್ಲಿದೆ, ಬೆರಳು ಒಂದು ಗೇಣೂ ಅಲ್ಲ, ಒಂದು ರಾಗಿ ಕಾಳಿನಷ್ಟು ಕೆಳಗೆ ಬರಬೇಕು — ಬರುತ್ತಿಲ್ಲ, ಹೆಬ್ಬೆಟ್ಟು ಸೆಟೆದುಕೊಂಡಿದೆ, ಮೂವತ್ತು, ಟೈಮ್ ಮುಗಿದರೆ ಮಿಷನ್ನು ತಾನೇ ಮೊದಲ ಸಾಲಿನ ಗುದ್ದು ಒತ್ತಿಬಿಡುತ್ತದೆ, ರೋಲರ್ ಸಾಯುತ್ತಾನೆ, ಮಂಚ ಹೋಗುತ್ತದೆ, ಇಪ್ಪತ್ತೆಂಟು, ಸ್ನೇಹಲತಾ ದೂರದಲ್ಲಿ ಎರಡೂ ಕೈ ಬಾಯಿಗೆ ಒತ್ತಿಕೊಂಡು ನಿಂತಿದ್ದಾಳೆ, ಮುಟ್ಟಬೇಡವ್ವಾ, ನೀನು ಮುಟ್ಟಿದರೆ ನಾನು ಕೆಟ್ಟೆ, ಇಪ್ಪತ್ತೈದು, ಬಾರೋ ಬೆರಳೇ, ಮೂವತ್ತೊಂದು ವರ್ಷ ಗೇರು ಎಳೆದ ಕೈಯಲ್ಲವೇನೋ ನೀನು, ಇಪ್ಪತ್ತು — ಕುತ್ತಿಗೆಯ ಹತ್ತಿರ ಬಿಸಿ ಉಸಿರು, ಯಾರೋ ನನ್ನ ಕುರ್ಚಿಯ ಪಕ್ಕ ಮಂಡಿಯೂರಿದ್ದಾರೆ, ಅನಿಲ, ಹೋಗಿಲ್ಲ, ಯಾವಾಗ ಬಂದು ಹಿಂದೆ ನಿಂತಿದ್ದನೋ, ಅಪ್ಪಾ, ಅಂದ, ನಿಧಾನಕ್ಕೆ ಕಣಪ್ಪಾ, ಟೈಮ್ ಐತೆ, ರಸ್ತೆ ಎಲ್ಲೋಗ್ತದೆ. ಸಾ, ಯೇಳ್ಕೊಡಂಗಿಲ್ಲ ಸಾ, ಅಂತ ಸಂಜಯ್, ಏನೂ ಯೇಳ್ಕೊಡ್ತಿಲ್ಲ ಸಾ, ನಮ್ಮಪ್ಪನ ಜೊತೆ ಮಾತಾಡ್ತಾ ಇವ್ನಿ, ಅಂತ ಅನಿಲ, ನಮ್ಮಪ್ಪನ ಜೊತೆ, ನನ್ನ ಜೊತೆ, ಹದಿನೈದು, ಕಣ್ಣು ಮಂಜಾಯಿತು, ಎರಡನೇ ಸಾಲು ಕಾಣುತ್ತಿಲ್ಲ, ಕಾಣದಿದ್ದರೇನು, ಎಲ್ಲಿದೆ ಗೊತ್ತು, ಹತ್ತು, ಬೆರಳು ಸಡಿಲವಾಯಿತು, ಜಾರಿತು, ಇನ್ನೂ ತಾಗಿಲ್ಲ, ಉಗುರು ತಾಗಿತು, ಬೆಳೆದ ಉಗುರು, ಟಕ್ — ಹಕ್ಕಿ ಮೇಲೆದ್ದಿತು, ಪರದೆ ತುಂಬ ಬೆಂಕಿ, ಹಸಿರು ಇಳಿಯುತ್ತಿದೆ, ಹಳದಿ, ಇಳಿಯುತ್ತಿದೆ, ಭುಜದ ಮೇಲೆ ಮಗನ ಕೈ ಬಿಗಿಯಾಗುತ್ತಿದೆ, ಕೆಂಪು, ಇಳಿಯುತ್ತಿದೆ, ಇಳಿಯುತ್ತಿದೆ, ನಿಂತಿತು, ನೂಲಿನಷ್ಟು, ಕೆಂಪು, ನಿಂತಿದೆ, ಹೊಗೆಯೊಳಗೆ ಗುಡ್ಡ ನಿಂತಿದೆ, ಅದರ ತಲೆಯ ಮೇಲೆ ಕೆಂಪು ನೂಲು, ಒಂದೇ ಒಂದು ಕೆಂಪು ನೂಲು, ಕೆಂಪು ನೂಲು